ಚಳಿಗಾಲದ ಹೆಪ್ಪು

ಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಬಿಟ್ಟು ತಿರುವಿದೆ. ಗಡಿಗೆಗೆ ತಟ್ಟೆ ಮುಚ್ಚಿ, ಒಲೆಯ ಪಕ್ಕದಲ್ಲಿಟ್ಟು, ಹಳೆಯ ಕಂಬಳಿ ಹೊದಿಸಿದೆ. ಸಂಜೆಯಷ್ಟೇ ಅಜ್ಜಿಗೂ ಅಕ್ಕನಿಗೂ ಜಗಳವಾಗಿತ್ತು.

ನಮ್ಮ ಊರು ಪೋತ್ನಾಳ. ಇಲ್ಲಿ ಹುಟ್ಟಿದ ಕೂಸುಗಳಿಗೆ ನೀರು ಎರೆಯುವವಳು ನಮ್ಮ ಅಜ್ಜಿ ಮಹಾಂತಮ್ಮ. ಅವಳು ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿದರೆ, ಅಳುವ ಕೂಸೂ ಕಣ್ಣು ಮುಚ್ಚುತ್ತದೆ. ಅಕ್ಕ ಕಾವ್ಯಾ ಚೊಚ್ಚಲ ಹೆರಿಗೆಗೆ ದೇವದುರ್ಗದಿಂದ ಬಂದಿದ್ದಾಳೆ. ಮೊಮ್ಮಗಳ ಕೂಸಿಗೆ ಎರೆಯಬೇಕೆಂದು ಅಜ್ಜಿ ಹಿತ್ತಾಳೆ ತಂಬಿಗೆಯನ್ನು ಆಗಲೇ ತಿಕ್ಕಿ ಇಟ್ಟಿದ್ದಳು.

ಸಂಜೆ ಅಕ್ಕ ಅಜ್ಜಿಗೆ ಹೇಳಿದ್ದು ಇಷ್ಟೇ: "ಯವ್ವಾ, ಡಾಕ್ಟರ್ ಹೇಳಿದ್ರಂತ ನಾನು ಫ್ಲೂ ಲಸಿಕಿ ಹಾಕಿಸ್ಕೊಂಡೀನಿ. ನೀನೂ ಹಾಕಿಸ್ಕೋ. ಕೆಮ್ಮೋರ ಕೈಯಾಗ ಕೂಸು ಕೊಡಂಗಿಲ್ಲ."

"ನನ್ನ ಕೈಯಾಗ ಕೊಡಂಗಿಲ್ಲೇನ? ನಿಮ್ಮವ್ವಗ ಎರದಾಕಿ ನಾನು, ನಿನಗ ಎರದಾಕಿ ನಾನು!"

ಮರುದಿನ ಬೆಳಿಗ್ಗೆ ಅಕ್ಕನನ್ನು ನೋಡಲು ಆರೋಗ್ಯ ಕೇಂದ್ರದ ತಹಸೀನ್ ಸಿಸ್ಟರ್ ಬಂದರು.

"ಬಂದಳು ನೋಡು ಸೂಜಿ ಸಿಸ್ಟರು," ಎಂದಳು ಅಜ್ಜಿ.

"ಬಂದೀನ್ರಿ ಯವ್ವಾ. ಚಾ ಕುಡೀದ ಹೋಗಂಗಿಲ್ಲ."

"ಚಾ ಕುಡಿ, ಸೂಜಿ ಮಾತು ಬ್ಯಾಡ. ಹೋದ ವರ್ಷ ನಿನ್ನ ಮಾತು ಕೇಳಿ ಚುಚ್ಚಿಸ್ಕೊಂಡೆ. ಸಿರವಾರಕ್ಕ ಲಗ್ನಕ್ಕ ಹೋಗಿ ಬಂದು ಹಾಸಿಗಿ ಹಿಡದೆ. ಆ ಸೂಜಿನ ಜ್ವರ ತಂತು."

"ಲಗ್ನಕ್ಕ ಯಾವಾಗ ಹೋಗಿದ್ರಿ?"

"ಸೂಜಿ ಹಾಕಿಸ್ಕೊಂಡ ಮರುದಿನ. ಯಾಕ?"

ಅಷ್ಟರಲ್ಲಿ ನಾನು ಕಂಬಳಿ ಸರಿಸಿ ಗಡಿಗೆ ಅಲ್ಲಾಡಿಸಿ ನೋಡಿದೆ. ಹಾಲು ಇನ್ನೂ ನೀರಿನಂತೆ ತುಳುಕಿತು.

"ಏನ್ ಅವಸರ ನಿಂದು?" ಅಜ್ಜಿ ನನ್ನ ಮೇಲೆ ರೇಗಿದಳು. "ಚಳಿಗಾಲದ ಹಾಲು ಲಗೂ ಹೆಪ್ಪಾಗಂಗಿಲ್ಲ. ಮುಚ್ಚಿಡು, ಬೆಚ್ಚಗ ಕುಂದ್ರಲಿ."

ತಹಸೀನ್ ಸಿಸ್ಟರ್ ಜೋರಾಗಿ ನಕ್ಕರು. "ನಾ ಹೇಳೋದು ನೀವೇ ಹೇಳಿದ್ರಿ ಯವ್ವಾ! ಆ ಸೂಜಿನೂ ಹೆಪ್ಪು ಇದ್ದಂಗ. ಅದರಾಗ ಜೀವಂತ ರೋಗಾಣು ಇಲ್ಲ, ಅದರಿಂದ ಫ್ಲೂ ಬರಂಗಿಲ್ಲ. ತೋಳು ನೋಯಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು, ಅಷ್ಟ. ಮೈಯಾಗ ತಡಿಯೋ ಶಕ್ತಿ ಕೂಡಾಕ ಎರಡು ವಾರ ಬೇಕು. ನೀವು ಮರುದಿನಾನೇ ಮಂದ್ಯಾಗ ಹೋಗಿ ಕುಂತ್ರಿ, ಜ್ವರ ಅಲ್ಲೇ ಹತ್ತಿರಬೇಕು. ಹಾಲು ಇನ್ನೂ ಹಾಲೇ ಇತ್ತು."

ಅಜ್ಜಿ ಗಡಿಗೆಯ ಕಡೆ ಕೈ ತೋರಿಸಿದಳು. "ಅಂದ್ರ ನನ್ನ ಮೈ ಚಳಿಗಾಲದ ಹಾಲೇನ?"

"ಹೂನ್ರಿ. ವಯಸ್ಸಾದವರಿಗೆ ಹರೇದವರಷ್ಟು ಶಕ್ತಿ ಕೂಡಂಗಿಲ್ಲ. ಸುಳ್ಳು ಯಾಕ ಹೇಳ್ಲಿ, ಸೂಜಿ ಹಾಕಿಸ್ಕೊಂಡ್ರೂ ಒಮ್ಮೊಮ್ಮೆ ಫ್ಲೂ ಬರ್ತದ. ಆದರ ಅದು ಎದಿಗಿಳಿದು ದವಾಖಾನಿ ಸೇರೋದು ಕಡಿಮಿ ಆಗ್ತದ. ತೆಳ್ಳನ ಮೊಸರಾದ್ರೂ ಮೊಸರೇ ಅಲ್ಲೇನ್ರಿ?"

"ಹೋದ ವರ್ಷದ್ದು ಸಾಲಂಗಿಲ್ಲೇನ?"

"ಹೋದ ವರ್ಷದ ಮೊಸರು ಈಗ ಉಣ್ತೀರೇನ್ರಿ? ಕೂಡಿದ ಶಕ್ತಿ ಇಳೀತದ, ರೋಗಾಣುನೂ ವೇಷ ಬದಲಿಸ್ತದ. ವರ್ಷಾ ವರ್ಷಾ ಹಾಕಿಸ್ಕೋಬೇಕು. ಹೆರಿಗಿಗೆ ಇನ್ನೂ ತಿಂಗಳದ. ಆರು ತಿಂಗಳ ತನಕ ಕೂಸಿಗೆ ಈ ಲಸಿಕಿ ಹಾಕಂಗಿಲ್ಲ. ಅದರ ಕಾವಲಿಗೆ ನಾವೇ ನಿಲ್ಲಬೇಕು."

ಅಜ್ಜಿ ಎದ್ದು ಸೆರಗು ಸರಿಮಾಡಿಕೊಂಡು ಸಿಸ್ಟರ್ ಜೊತೆ ಹೊರಟಳು. ಆರೋಗ್ಯ ಕೇಂದ್ರದಲ್ಲಿ ತೋಳು ಚಾಚಿ ಹೇಳಿದಳು: "ಎಡಗೈಗೆ ಹಾಕು. ಬಲಗೈ ಕೂಸಿಗೆ ಬೇಕು."

ಅಮ್ಮನೂ ನಾನೂ ಹಾಕಿಸಿಕೊಂಡೆವು. ಎರಡು ವಾರ ಅಜ್ಜಿ ಯಾವ ಲಗ್ನಕ್ಕೂ ಹೋಗಲಿಲ್ಲ. ಕರೆಯಲು ಬಂದವರಿಗೆಲ್ಲ ಒಂದೇ ಉತ್ತರ: "ನಾ ಇನ್ನೂ ಹೆಪ್ಪಾಗಿಲ್ಲ."

ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ಬಚ್ಚಲಲ್ಲಿ ಅಜ್ಜಿ ಕಾಲು ಚಾಚಿ ಕೂತಾಗ, ಅಕ್ಕ ತಾನೇ ಕೂಸನ್ನು ತಂದು ಅವಳ ಕಾಲ ಮೇಲೆ ಮಲಗಿಸಿದಳು. ಓಣಿಯ ಮುದುಕಿಯರು ಬಾಗಿಲಲ್ಲಿ ನಿಂತು ನೋಡಿದರು.

ನಿಮ್ಮ ಮನೆಯಲ್ಲೂ ಕೂಸು ಎತ್ತಿಕೊಳ್ಳುವ ಹಿರಿಯರು ಇರುತ್ತಾರೆ. ಈ ಲಸಿಕೆ ಎಲ್ಲಿ ಸಿಗುತ್ತದೆ ಎಂದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಕೇಳಿ. ಬಿಪಿ, ಸಕ್ಕರೆ ಕಾಯಿಲೆ, ದಮ್ಮು, ಉಬ್ಬಸ ಇದ್ದವರು ತಡಮಾಡಬೇಡಿ. ಜೋರು ಜ್ವರ ಇದ್ದರೆ ಇಳಿದ ಮೇಲೆ ಹೋಗಿ.

ಅಂದು ಅಜ್ಜಿ ನೀರು ಹೊಯ್ಯುತ್ತಲೇ ಬಾಗಿಲ ಕಡೆ ತಿರುಗಿ ಕೇಳಿದಳು: "ನಾಳೆ ನನ್ನ ಜೋಡಿ ಆರೋಗ್ಯ ಕೇಂದ್ರಕ್ಕ ಯಾರು ಬರ್ತೀರಿ? ಬರ್ರಿ."

ಅದನ್ನೇ ಈಗ ನಾನು ನಿಮ್ಮನ್ನು ಕೇಳುತ್ತಿದ್ದೇನೆ. ಬರ್ರಿ.