ನೀಲಿ ಬಾನಿ

“ಮಾವ, ಸಾಹುಕಾರ್ರ ಬಾನಿಗೆ ತೂತು ಕೊರೆದಾಯ್ತು. ಇನ್ನು ನೀರು ನಿಲ್ಲೋದು ಬಿಡೋದು ನಿನ್ನ ಕೈಲೈತೆ,” ಎನ್ನುತ್ತ ಕೊಂಡಪ್ಪ, ದೀಪ ಕೂರಿಸುವ ತೂತಿನಿಂದ ತಲೆ ಹೊರಗೆ ಹಾಕಿ ನಕ್ಕ. ಹುಬ್ಬು, ಮೀಸೆ, ಕಿವಿಯ ಮೇಲೆಲ್ಲ ಬಿಳಿ ಪುಡಿ. ಗುಂಡಿಯ ಮಣ್ಣುಗೋಡೆಗೂ ಬಾನಿಯ ಹೊರಮೈಗೂ ನಡುವಿನ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಪೈಪಿನ ತುದಿಗೆ ಸೆಣಬು ಸುತ್ತುತ್ತಿದ್ದ ಸೊಣ್ಣಪ್ಪ ತಲೆಯೆತ್ತಿದ. “ಲೇ, ಆ ಪುಡಿ ಕಣ್ಣಿಗೆ ಬಿದ್ರೆ ಆಮೇಲೆ ನಿಮ್ಮಕ್ಕ ನನ್ನ ಕಣ್ಣು ಕೀಳ್ತಾಳೆ. ತೆಗಿಯೋ ತಲೆನ,” ಎಂದು ಗದರಿದ. ಗಾಜಿನ ನಾರಿನ ಆ ಪುಡಿ ತಾಕಿದಲ್ಲೆಲ್ಲ ನವೆ. ಇಬ್ಬರೂ ಬೆಳಗ್ಗೆಯೇ ಮೈಗೆ ಹರಳೆಣ್ಣೆ ತಿಕ್ಕಿಕೊಂಡು ಬಂದಿದ್ದರೂ ಕೆರೆದು ಕೆರೆದು ಸಾಕಾಗಿತ್ತು.

ಬಾನಿ ಎಂದು ಹೆಸರಿಟ್ಟವನೂ ಕೊಂಡಪ್ಪನೇ. ಸಾಹುಕಾರರು ಬಾಯಿತುಂಬ ಸ್ವಿಮ್ಮಿಂಗ್ ಪೂಲ್ ಅನ್ನುತ್ತಿದ್ದರು. ಬೆಂಗಳೂರಿನ ರೇಷ್ಮೆ ವ್ಯಾಪಾರದಲ್ಲಿ ಕೈ ಕುದುರಿದ ಮೇಲೆ ಅಲ್ಲಿಗೆ ಹತ್ತಿರದ ಮಧುರೆಯ ಬಳಿ ತೋಟ ಮಾಡಿ, ತೋಟದಲ್ಲಿ ಬಂಗಲೆ ಕಟ್ಟಿಸಿ, ಬಂಗಲೆಯ ಮುಂದೆ ಈಜಾಡಲು ನೀರು ಬೇಕೆಂದು ಆಸೆಪಟ್ಟಿದ್ದರು. ಊರಿಗೆ ಕುಡಿಯುವ ನೀರಿಗೇ ತತ್ವಾರವಾಗಿದ್ದ ಎಪ್ಪತ್ತೊಂಬತ್ತರ ಬೇಸಿಗೆ ಅದು. ಉಳ್ಳವರ ಆಸೆಗೆ ಬೇಸಿಗೆ ಯಾವುದು, ಮಳೆಗಾಲ ಯಾವುದು! ದೋಣಿ ಮಾಡುವ ಕಾರ್ಖಾನೆಯೊಂದರಲ್ಲಿ ಫೈಬರ್ ಗ್ಲಾಸಿನಿಂದ ಇಡಿಯಾಗಿ ಮಾಡಿಸಿದ ತೊಟ್ಟಿ ಲಾರಿಯ ಮೇಲೆ ಬಂತು. ಅದಕ್ಕೆ ದಾರಿ ಬಿಡಲು ರಸ್ತೆಯ ಹುಣಸೆಮರಗಳ ಕೊಂಬೆ ಕಡಿಯಬೇಕಾಯಿತು. ಒಳಗೆಲ್ಲ ಬಾನಿನಷ್ಟು ನೀಲಿ. ನೋಡಲು ಬಂದ ಮುದುಕರೊಬ್ಬರು, “ಇಷ್ಟು ದೊಡ್ಡ ಬಾನಿನಾ? ಎಮ್ಮೆ ಎಷ್ಟು ಕಟ್ತಾರಂತೆ?” ಎಂದು ಕೇಳಿದ ಮೇಲೆ ಕೊಂಡಪ್ಪ ಬೇರೆ ಹೆಸರಿನಿಂದ ಅದನ್ನು ಕರೆಯಲೇ ಇಲ್ಲ.

ಸೊಣ್ಣಪ್ಪ ಆ ಸುತ್ತಿನ ಪಂಪ್‌ಸೆಟ್ ಮೆಕ್ಯಾನಿಕ್. ಕೊಂಡಪ್ಪ ಅವನ ಅಕ್ಕ ಮುತ್ಯಾಲಮ್ಮನ ಮಗ. ಅಕ್ಕ ತೀರಿಕೊಂಡಾಗ ಅವಳ ಹಿರಿಮಗಳು ಅಂಜಿನಮ್ಮನನ್ನು ಮದುವೆಯಾಗಿ, ಆಗಷ್ಟೇ ಗೋಡೆ ಹಿಡಿದು ನಡೆಯುತ್ತಿದ್ದ ಈ ಕೊಂಡಪ್ಪನನ್ನೂ ಸೊಣ್ಣಪ್ಪ ಮನೆಗೆ ತಂದುಕೊಂಡ. ಆಮೇಲೆ ಗಂಡಹೆಂಡಿರಿಗೆ ಮಕ್ಕಳಾಗಲಿಲ್ಲ. ಅಕ್ಕನೂ ತಮ್ಮನೂ ಇಬ್ಬರೂ ಅವನನ್ನು ಮಾವ ಎಂದೇ ಕರೆದರು. ಕೊಂಡಪ್ಪ ಬೆಳೆದು ಆಳಾಗಿ ಅವನ ಕಸುಬನ್ನೇ ಹಿಡಿದ. ಬಾವಿಯ ತಳದಲ್ಲಿ ಪಂಪಿನ ಪೈಪಿನ ತುದಿಯ ಫುಟ್‌ವಾಲ್ವು ಕಸ ಕಟ್ಟಿಕೊಂಡರೆ ಸುತ್ತಲ ಹಳ್ಳಿಯವರು ಹುಡುಕಿಕೊಂಡು ಬರುತ್ತಿದ್ದುದು ಅವನನ್ನೇ. ಮುಳುಗಿದನೆಂದರೆ ಮೇಲೆ ನಿಂತವರಿಗೆ ಉಸಿರು ನಿಲ್ಲಬೇಕು, ಅಷ್ಟು ಹೊತ್ತು ಕಳೆದು ಪಾಚಿ ಮೆತ್ತಿದ ತಲೆ ಕೊಡವುತ್ತ ಎದ್ದು ಬೀಡಿ ಕೇಳುತ್ತಿದ್ದ.

ಈ ಕೆಲಸ ಒಪ್ಪಿಕೊಂಡ ದಿನ ಅಂಜಿನಮ್ಮ ರೊಟ್ಟಿ ತಟ್ಟುತ್ತ ಗಂಡನಿಗೆ ಒಂದೇ ಮಾತು ಹೇಳಿದ್ದಳು: “ನೀರಿಗೆ ನಾನು ಹೆದರಾಕಿಲ್ಲ ಮಾವ, ನೀರು ಕಣ್ಣಿಗೆ ಕಾಣ್ತದೆ. ಆ ಹಾಳು ಕರೆಂಟು ಕಾಣಾಕಿಲ್ಲ. ಪೈಪು ಅವ್ನು ಮಾಡ್ಲಿ, ವೈರು ನೀನೇ ಮಾಡು. ಅವ್ನಿಗೇನಾದ್ರೂ ಆದ್ರೆ ನಾನು ನಿನ್ನ ಮನೇಲಿರಾಕಿಲ್ಲ, ನೋಡು.” ಸೊಣ್ಣಪ್ಪ ನಕ್ಕು, ಆಗಲಿ ಕಣಮ್ಮ ತಾಯಿ ಎಂದಿದ್ದ. ನಕ್ಕರೂ ಅವಳು ಹಾಗೆಲ್ಲ ಸುಮ್ಮನೆ ಆಡುವವಳಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ವೈರು ಮುಟ್ಟುವ ಮುಂಚೆ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುವುದು ಅವನ ಪದ್ಧತಿ. ಫ್ಯೂಸು ಜೇಬಿನಲ್ಲಿದ್ದರೆ ಬೇರೆ ಯಾರೂ ಕರೆಂಟು ಕೊಡಲಾರರು. ಆದರೆ ಆ ವರ್ಷ ಪದ್ಧತಿಯೆಲ್ಲ ಸಡಿಲಾಗಿತ್ತು. ಬೆಳಗ್ಗೆ ಎಂಟಕ್ಕೆ ಹೋದ ಕರೆಂಟು ಸಂಜೆ ಆರಕ್ಕೇ ಬರುವುದು, ಬೇಸಿಗೆ ಹುಟ್ಟಿದಾಗಿನಿಂದ ಒಂದು ದಿನವೂ ಈ ಲೆಕ್ಕ ತಪ್ಪಿರಲಿಲ್ಲ. ಸರ್ಕಾರವೇ ಫ್ಯೂಸು ಕಿತ್ತಿಟ್ಟುಕೊಂಡಿರುವಾಗ ನಾವ್ಯಾಕೆ ಕೀಳಬೇಕು ಎಂದು ಮೆಕ್ಯಾನಿಕ್‌ಗಳೆಲ್ಲ ತಮಾಷೆ ಮಾಡುತ್ತಿದ್ದರು. ದಿನಾ ಮಾಡಿದ ತಮಾಷೆ ನಿಧಾನವಾಗಿ ರೂಢಿಯಾಯಿತು.

ಪೈಪೆಲ್ಲ ಕೂತು, ಸಂದಿಗೆ ಮರಳು ತುಂಬಿ, ಬಾನಿಗೆ ನೀರು ಬಿಟ್ಟದ್ದಾಯಿತು. ಬಾವಿಯಲ್ಲಿ ನೀರು ಸಾಲದೆ ದೀಪದ ಮೇಲಕ್ಕೆ ಒಂದು ಗೇಣು ಬಂದು ನಿಂತಿತು. ಭಾನುವಾರ ಸಂಜೆಗೆ ಸಾಹುಕಾರರ ನೆಂಟರು ಬರುವವರಿದ್ದರು, ಅವರ ಕಣ್ಣಿಗೆ ನೀರೊಳಗಿನ ದೀಪ ಉರಿಯಬೇಕಿತ್ತು. ಶನಿವಾರ ಬೆಳಗ್ಗೆ ಬೇಗ ಬಂದು ಸೊಣ್ಣಪ್ಪ ಸ್ವಿಚ್ಚು ಹಾಕಿದ. ದೀಪ ಹತ್ತಿತು, ಆದರೆ ದಪ್ಪ ಗಾಜಿನ ಅಂಚಿನಿಂದ ಸಣ್ಣ ಸಣ್ಣ ಗುಳ್ಳೆ ಏಳತೊಡಗಿದವು. “ವಾಷರು ಕೂತಿಲ್ಲ. ನೀರು ಒಳಕ್ಕೋಯ್ತಾ ಐತೆ,” ಎಂದು ಅವನು ಹಲ್ಲು ಕಡಿಯುತ್ತಿರುವಾಗಲೇ ಎಂಟು ಗಂಟೆಯಾಗಿ ದೀಪ ತಾನಾಗಿ ಆರಿತು. ಸ್ವಿಚ್ಚು ಹಾಕಿದ್ದು ಹಾಕಿದಂತೆಯೇ ಇತ್ತು. ಫ್ಯೂಸೂ ಇದ್ದಲ್ಲೇ ಇತ್ತು.

“ನೀರು ಹೊರಕ್ಕೆ ಬಿಟ್ಟು ಬಿಚ್ಚಾಣ,” ಎಂದ ಸೊಣ್ಣಪ್ಪ.

“ಬಿಟ್ರೆ ನಾಳೆಗೆ ಎಲ್ಲಿಂದ ತುಂಬ್ಸ್ತೀಯ? ಬಾವೀಲಿ ಕಪ್ಪೆಗೂ ನೀರಿಲ್ಲ.” ಕೊಂಡಪ್ಪ ಆಗಲೇ ಅಂಗಿ ಬಿಚ್ಚಿದ್ದ. “ನಾನು ಇಳಿದು ಗಾಜಿನ ಸುತ್ತಲ ರಿಂಗು ಬಿಚ್ತೀನಿ. ನೀನು ಹೋಗಿ ಬೇರೆ ವಾಷರು ಕತ್ತರಿಸ್ಕೊಂಡು ಬಾ. ವೈರು ಮುಟ್ಟಲ್ಲ ಕಣ್ ಮಾವ, ಬರೀ ತಿರುಪು. ಅಕ್ಕಂಗೆ ನಾನೇ ಹೇಳ್ತೀನಿ.”

ಸೊಣ್ಣಪ್ಪನಿಗೆ ಬೇಡ ಅನ್ನಲು ಕಾರಣ ತೋಚಲಿಲ್ಲ. ಹೂಂ ಎಂದು ಪಂಪಿನ ಮನೆಗೆ ಹೋಗಿ, ನೆಲದಲ್ಲಿ ಕೂತು, ಹಳೆಯ ಲಾರಿ ಟ್ಯೂಬಿನ ಮೇಲೆ ಸೀಮೆಸುಣ್ಣದಲ್ಲಿ ದುಂಡಗೆ ಗೀರಿ ಕತ್ತರಿ ಆಡಿಸತೊಡಗಿದ. ಗಾರೆಯವರು ಆ ದಿನ ಕೆಲಸಕ್ಕಿರಲಿಲ್ಲ. ತೋಟವೆಲ್ಲ ನಿಶ್ಶಬ್ದ. ಬಾನಿಯ ಕಡೆಯಿಂದ ಕೊಂಡಪ್ಪನ ಸಿಳ್ಳೆ ಕೇಳುತ್ತಿತ್ತು.

ವಾಷರು ಅರ್ಧ ಕತ್ತರಿಸಿದ್ದ, ತಲೆಯ ಮೇಲೆ ಬಲ್ಬು ಹತ್ತಿತು. ‘ಓಹೋ, ಬಂದೆಯಾ ಮಹರಾಯ್ತಿ’ ಎಂದು ಅವನಿಗೆ ಮೊದಲು ಸಂತೋಷವೇ ಆಯಿತು. ಅಯ್ಯೋ, ಸಂತೋಷವೇ ಆಯಿತು! ಬೇಗ ಕೆಲಸ ಮುಗಿಸಿ ಹೊತ್ತಿಗೆ ಮುಂಚೆ ಮನೆ ಸೇರಬಹುದು ಎಂದುಕೊಂಡ. ಆಮೇಲೆ ಸಿಳ್ಳೆ ನಿಂತಿರುವುದು ಗೊತ್ತಾಯಿತು. ಕತ್ತರಿ ಎಸೆದು ಎದ್ದು ಗೋಡೆಯ ಫ್ಯೂಸಿಗೆ ಕೈ ಹಾಕಿ ಕಿತ್ತ. ಕಿತ್ತವನೇ ಅದನ್ನು ಹಿಡಿದುಕೊಂಡು ಬಾನಿಯ ಕಡೆಗೆ ಓಡಿದ. ಕೊಂಡಪ್ಪ ನೀರಿನ ಮೇಲೆ ಬೋರಲಾಗಿ ತೇಲುತ್ತಿದ್ದ. ಸ್ಕ್ರೂಡ್ರೈವರು ಅವನ ಬಲಗೈಯಲ್ಲೇ ಇತ್ತು, ಬೆರಳು ಬಿಡಿಸಲು ಸೊಣ್ಣಪ್ಪನಿಗೆ ಆಗಲಿಲ್ಲ.

ಎಳೆದು ಮೇಲೆ ಹಾಕಿದ. ಎದೆ ಒತ್ತಿದ, ಬಾಯಿಗೆ ಊದಿದ, ಕೆನ್ನೆಗೆ ಹೊಡೆದ, “ಏಳೋ, ಕೊಂಡ, ಏಳೋ ನನ್ನಪ್ಪ” ಎಂದು ಕೂಗಿದ. ಆ ಹೊತ್ತಿಗೆ ತೋಟದ ಮೇಸ್ತ್ರಿ ಹನುಮಂತರಾಯಪ್ಪ ಸೈಕಲ್ ತಳ್ಳಿಕೊಂಡು ಬಂದು, ನೋಡಿ, ಸೈಕಲ್ಲನ್ನು ಹಾಗೇ ಬಿಟ್ಟು ತಲೆ ಮೇಲೆ ಕೈಹೊತ್ತು ಕೂತ. “ಸಾಹುಕಾರ್ರು ಮೇಲಿನೋರಿಗೆ ಹೇಳ್ಸಿ ಇವತ್ತು ನಾಳೆ ಹಗಲೂ ಲೈನು ಬಿಡಿಸವ್ರೆ ಕಣೋ. ನಿಂಗೆ ಹೇಳಾಣ ಅಂತ್ಲೇ ಬರ್ತಿದ್ದೆ,” ಎಂದ.

ಅವನೇ ಮೊದಲು ಸಾವರಿಸಿಕೊಂಡವನು. ನೀರೊಳಗೆ ಇಣುಕಿ ನೋಡಿದ, ಸೊಣ್ಣಪ್ಪನ ಕೈಯಲ್ಲಿದ್ದ ಫ್ಯೂಸು ನೋಡಿದ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ: “ಸತ್ತೋನು ಸತ್ತ ಸೊಣ್ಣಪ್ಪ, ಇದ್ದೋರು ಬದುಕಬೇಕಲ್ಲ. ತಲೆ ತಿರುಗಿ ಬಿದ್ದ, ಅಂಚು ತಲೆಗೆ ತಾಕ್ತು, ಮುಳುಗ್ದ. ಅಷ್ಟೇ. ಕರೆಂಟು ಅಂತ ಬಾಯಿ ಬಿಟ್ಯೋ, ಫ್ಯೂಸು ಯಾಕೆ ಕಿತ್ತಿರ್ಲಿಲ್ಲ ಅಂತ ಮೊದಲು ನಿನ್ನನ್ನೇ ಕೇಳ್ತಾರೆ. ಸಾಹುಕಾರ್ರ ಹೆಸರೂ ಬರ್ತದೆ, ನನ್ನ ಹೆಸರೂ ಬರ್ತದೆ.”

ಪೊಲೀಸರು ಕೇಳುವುದಕ್ಕೆ ಸೊಣ್ಣಪ್ಪ ಹೆದರಲಿಲ್ಲ. ಅಂಜಿನಮ್ಮ ಕೇಳುತ್ತಾಳಲ್ಲ ಎಂದು ಹೆದರಿದ. ಹೂಂ ಎಂದ. ಬಂದ ಪೊಲೀಸರೂ ಹಾಗೇ ಬರೆದುಕೊಂಡು ಹೋದರು.

ಗಾಡಿಯಲ್ಲಿ ಹೆಣ ಮನೆಗೆ ಬಂದಾಗ ಅಂಜಿನಮ್ಮ ಮೊದಲು ಅಳಲಿಲ್ಲ. “ನೀರಾ? ಕೊಂಡನ್ನ ನೀರು ಮುಳುಗಿಸ್ತಾ?” ಎಂದು ಗಂಡನ ಮುಖವನ್ನೇ ನೋಡಿದಳು.

“ಆಳ ಜಾಸ್ತಿ ಅಂಜಿನಿ. ತಲೆ ತಾಕಿ ಎಚ್ಚರ ತಪ್ಪೋಗಿತ್ತು.”

ಅವಳು ನಂಬಿದಳು. ಇಪ್ಪತ್ತು ವರ್ಷ ಅವನ ಮಾತು ನಂಬಿಕೊಂಡೇ ಬಂದವಳು. ಆಮೇಲೆ ಎದೆ ಎದೆ ಬಡಿದುಕೊಂಡು ಅತ್ತಳು. ಹೆಣಕ್ಕೆ ನೀರು ಹಾಕುವಾಗ ಸೊಣ್ಣಪ್ಪ ಬೇರೆಯವರನ್ನು ಬಲಗೈಯ ಹತ್ತಿರ ಬಿಡಲಿಲ್ಲ. ಸುಟ್ಟು ಕಪ್ಪಾಗಿದ್ದ ಅಂಗೈಗೆ ತಾನೇ ಅರಿಸಿನ ಮೆತ್ತಿ ಬಿಳಿ ಬಟ್ಟೆ ಸುತ್ತಿದ. ಏನದು ಎಂದು ಕೇಳಿದವರಿಗೆ ರಿಂಗು ತರಚಿದ ಗಾಯ ಎಂದ. ಸಂಜೆಗೆ ಹೊಲದಲ್ಲಿ ಮಣ್ಣು ಮಾಡಿದರು.

ನೀರಿನಲ್ಲಿ ಹೋದವರ ಜೀವ ನೀರಿನಲ್ಲೇ ನಿಲ್ಲುತ್ತದೆ ಎಂಬುದು ಅವರ ಮನೆತನದ ನಂಬಿಕೆ. ಹಾಲುತುಪ್ಪದ ದಿನ ಒಡಹುಟ್ಟಿದವರು ಹೊಸ ಕುಡಿಕೆ ಹಿಡಿದು ಹೋಗಿ, ಮುಳುಗಿದ ಜಾಗದಲ್ಲೇ ಹೆಸರು ಹಿಡಿದು ಕರೆದು, ಅಲ್ಲಿನ ನೀರು ತುಂಬಿಕೊಂಡು ಬಂದು ಮಣ್ಣು ಮಾಡಿದ ಗುಡ್ಡೆಯ ಮೇಲೆ ಹುಯ್ಯಬೇಕು. ಕರೆಯದಿದ್ದರೆ ಜೀವ ಮನೆದಾರಿ ಸಿಗದೆ ಅಲ್ಲೇ ಒದ್ದಾಡುತ್ತದಂತೆ. ಮೂರನೆಯ ದಿನ ಅಂಜಿನಮ್ಮ ತಲೆಗೆ ನೀರು ಹಾಕಿಕೊಂಡು ಕುಡಿಕೆ ಹಿಡಿದು ಹೊಸ್ತಿಲಲ್ಲಿ ನಿಂತಳು.

“ಅಲ್ಲೀಗಂಟ ಯಾಕೆ ಅಂಜಿನಿ? ನಮ್ಮ ಬಾವಿ ನೀರೇ ಹಾಕಿದ್ರಾಯ್ತು,” ಎಂದ ಸೊಣ್ಣಪ್ಪ.

“ಅವ್ನು ನಮ್ಮ ಬಾವೀಲಿ ಸತ್ತನಾ?” ಎಂದು ಅವಳು ಹೊರಟೇಬಿಟ್ಟಳು. ಅವನು ಹಿಂದೆ ನಡೆದ. ದಾರಿಯುದ್ದಕ್ಕೂ ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಅಂದುಕೊಂಡ. ಅಷ್ಟರಲ್ಲಿ ತೋಟದ ಗೇಟು ಬಂತು.

ನೆಂಟರ ಊಟ ಬೇರೆಲ್ಲೋ ನಡೆದಿತ್ತು. ತೋಟಕ್ಕೆ ಬೀಗ. ಹನುಮಂತರಾಯಪ್ಪ ಗೇಟು ತೆಗೆದು, ಇವಳ ಕೈಯಲ್ಲಿನ ಕುಡಿಕೆ ನೋಡಿ, ಮುಖ ತಿರುಗಿಸಿಕೊಂಡು ಅಲ್ಲೇ ನಿಂತ. ಬಾನಿಯ ನೀರಿನಲ್ಲಿ ಒಂದೆರಡು ಹೊಂಗೆ ಎಲೆ ಬಿದ್ದಿದ್ದವು. ಒಳಗಿನ ಬಣ್ಣಕ್ಕೆ ನೀರೆಲ್ಲ ಕಡುನೀಲಿಯಾಗಿ, ತಳ ಎಲ್ಲಿದೆಯೋ ತಿಳಿಯದಂತೆ ಕಾಣುತ್ತಿತ್ತು. ಅಂಜಿನಮ್ಮ ಬಹಳ ಹೊತ್ತು ಅದನ್ನು ನೋಡಿದಳು. “ಎಷ್ಟು ಆಳ ಕಾಣ್ತದಪ್ಪ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಯಾವ ಜಾಗ ಮಾವ?”

ಸೊಣ್ಣಪ್ಪ ದೀಪದ ಕಡೆ ಬೆರಳು ತೋರಿಸಿದ. “ಇಳೀಬೇಡ ಅಂಜಿನಿ. ಇಲ್ಲಿಂದ್ಲೇ ತುಂಬ್ಕೋ.”

“ಮುಳುಗಿದ ಜಾಗದಲ್ಲೇ ತುಂಬಬೇಕು. ನಂಗೆ ಈಜು ಬರಲ್ವಾ? ಅವ್ನಿಗೆ ಕಲಿಸಿದ್ಯಾರು?” ಅವಳು ಸೀರೆಯನ್ನು ಮೇಲಕ್ಕೆ ಕಟ್ಟಿ, ಸೆರಗು ಬಿಗಿದು, ಅಂಚಿನಲ್ಲಿ ಕೂತಳು. ಕುಡಿಕೆಯನ್ನು ಎದೆಗವುಚಿಕೊಂಡು, ಬಾವಿಗೆ ಬೀಳುವವರ ಹಾಗೆ ಕಣ್ಣು ಮುಚ್ಚಿ ಉಸಿರು ಕಟ್ಟಿ ಜಾರಿದಳು.

ಕಾಲು ದಡಕ್ಕನೆ ನೆಲಕ್ಕೆ ತಾಗಿತು. ಅವಳು ಕಣ್ಣು ಬಿಟ್ಟಳು. ನೀರು ಸೊಂಟದ ಹತ್ತಿರ ನಿಂತಿತ್ತು.

ಮುಂದೆ ಆಳವಿರಬೇಕೆಂದು ಒಂದೊಂದೇ ಹೆಜ್ಜೆ ಕಾಲಿನಿಂದ ತಡವುತ್ತ ನಡೆದಳು. ದೀಪ ಇದ್ದ ಗೋಡೆ ಮುಟ್ಟಿದಳು, ತಿರುಗಿ ಆ ಮೂಲೆಗೆ ಹೋದಳು, ಈ ಮೂಲೆಗೆ ಬಂದಳು. ಎಲ್ಲಿ ಹೋದರೂ ನೀರು ಅವಳ ಸೊಂಟ ಬಿಟ್ಟು ಮೇಲೇರಲಿಲ್ಲ. ಕಡೆಗೆ ನಡುಮಧ್ಯದಲ್ಲಿ ನಿಂತು ತಲೆಯೆತ್ತಿದಳು.

“ಆಳ ಎಲ್ಲೈತೆ ಮಾವ?”

ಸೊಣ್ಣಪ್ಪ ಅಂಚಿನ ಕಲ್ಲು ಹಿಡಿದು ಕೂತ. “ಕರೆಂಟು ಬಂತು ಅಂಜಿನಿ,” ಎಂದ. “ಸಂಜೇಗಂಟ ಬರಲ್ಲ ಅಂದ್ಕೊಂಡಿದ್ದೆ. ಫ್ಯೂಸು ಕಿತ್ತಿರ್ಲಿಲ್ಲ ನಾನು. ನೀರು ಅವ್ನಿಗೆ ಏನೂ ಮಾಡ್ಲಿಲ್ಲ. ನಾನೇ.” ಬೈಯಲಿ, ಮಣ್ಣು ತೂರಲಿ, ಇಲ್ಲಿಂದಲೇ ಎದ್ದು ಹೋಗಿಬಿಡಲಿ ಎಂದು ಕಾದ.

ಅವಳು ಬೈಯಲಿಲ್ಲ. ಖಾಲಿ ಕುಡಿಕೆಯನ್ನೊಮ್ಮೆ ನೋಡಿದಳು, ಸುತ್ತಲಿನ ನೀರನ್ನೊಮ್ಮೆ ನೋಡಿದಳು.

“ಹಂಗಾದ್ರೆ ಅವ್ನು ನೀರೊಳಗಿಲ್ಲ,” ಎಂದಳು. “ಎಲ್ಲಿಂದ ಕರೀಲಿ ಅವ್ನ? ಹೇಳು ಮಾವ, ನಾನು ಎಲ್ಲಿಗೋಗಿ ಕರೀಲಿ?”

ಗೇಟಿನಲ್ಲಿ ನಿಂತಿದ್ದ ಹನುಮಂತರಾಯಪ್ಪ ಯಾವಾಗಲೋ ಹೊರಟುಹೋಗಿದ್ದ. ಅಂಜಿನಮ್ಮ ನೀರಿನ ನಡುವೆ ಅಲ್ಲಾಡದೆ ನಿಂತೇ ಇದ್ದಳು. ಅವಳ ಕೈ ಸಡಿಲಾಗಿ ಕುಡಿಕೆ ಜಾರಿ, ಮುಳುಗದೆ, ಹೊಂಗೆ ಎಲೆಗಳ ನಡುವೆ ಮೆಲ್ಲಗೆ ತೇಲಿಕೊಂಡು ಹೋಗಿ ಬಾನಿಯ ಗೋಡೆಗೆ ಟಕ್ಕೆಂದು ತಾಗಿತು, ಹಿಂದಕ್ಕೆ ಬಂತು, ಮತ್ತೆ ತಾಗಿತು.