ಊಟ ಆತೇನ್ರಿ

ಮಸರಕಲ್ಲಿನ ಗೋಪಮ್ಮನ ಮನೆಯಲ್ಲಿ ಒಂದು ಕಾನೂನಿತ್ತು. ಹೊತ್ತು ಮುಳುಗಿ ಎದುರು ಮನೆಯ ಗೋಡೆಯ ಬಣ್ಣ ಕಾಣದಂತಾಗುವಷ್ಟರಲ್ಲಿ ಊಟ ಮುಗಿದು, ಗಂಗಾಳ ತೊಳೆದು ಬೋರಲು ಹಾಕಿರಬೇಕು. ಕರೆಂಟು ಬಂದು ಯಾವ ಕಾಲವಾಯಿತು, ಟಿವಿ ಬಂದು ಯಾವ ಕಾಲವಾಯಿತು, ಕಾನೂನು ಮಾತ್ರ ಅಲುಗಾಡಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಹತ್ತಿ ಬಿಡಿಸಲು ಹೋಗುವವರಿಗೆ ರಾತ್ರಿಯ ಊಟ ಎಂಬುದೇ ಇಲ್ಲ, ಇರುವುದು ಸಂಜೆಯ ಊಟ. ದೀಪ ಹಾಕಿಕೊಂಡು ಉಣ್ಣುವವರನ್ನು ಕಂಡರೆ, ಇವರು ಬೆಳಗಾದರೆ ಏಳುವುದಾದರೂ ಯಾವಾಗ ಎಂದು ಅವಳಿಗೆ ಅನುಮಾನ. ಮಾನ್ವಿಯಲ್ಲಿ ಮಾಸ್ತರನಾಗಿರುವ ಮಗ ಕಿರಣಕುಮಾರ ಟಿವಿ ನೋಡುತ್ತ ಒಂಬತ್ತಕ್ಕೆ ಉಣ್ಣುತ್ತಾನೆಂದು ಗೊತ್ತಾದಾಗ ಸೊಸೆಯ ಜೊತೆ ಎರಡು ದಿನ ಮಾತು ಬಿಟ್ಟಿದ್ದಳು. ಓಣಿಗೆ ಬಂದಿದ್ದ ಬೌದ್ಧ ಭಿಕ್ಷು ಭಂತೇಜಿಯೊಬ್ಬರು ಮಧ್ಯಾಹ್ನ ತಿರುಗಿದ ಮೇಲೆ ಏನೂ ಉಣ್ಣುವುದಿಲ್ಲ ಎಂದಾಗ ಮಾತ್ರ ಕೈಮುಗಿದು, ಇವರು ನಮಗಿಂತ ಶ್ಯಾಣ್ಯಾರು ಎಂದು ಒಪ್ಪಿಕೊಂಡಿದ್ದಳು.

ಇಂಥ ಗೋಪಮ್ಮ ಗಂಡ ಉರುಕುಂದಪ್ಪನನ್ನು ಕರೆದುಕೊಂಡು ರಾಯಚೂರಿಗೆ ಹೊರಟದ್ದು ಒಂದು ಮನೆ ನೋಡಿ ತೀರ್ಪು ಕೊಡಲು. ಮಗಳು ವಿಶಾಖಾ ಅಲ್ಲಿಯ ದವಾಖಾನೆಯೊಂದರಲ್ಲಿ ನರ್ಸು. ಗುಲಾಮ್ ದಸ್ತಗೀರ್ ಎಂಬುವರ ಮನೆಯ ಮಾಳಿಗೆ ಮೇಲೆ ಒಂದು ಖೋಲಿ ಹಿಡಿದಿದ್ದಳು. ಗುರುತು ಪರಿಚಯ ಇಲ್ಲದ ಮನೆಯಲ್ಲಿ ತಂಗಿ ಇರುವುದು ಕಿರಣಕುಮಾರನಿಗೆ ಸರಿಬರಲಿಲ್ಲ. ಮಾನ್ವಿಗೆ ಬಂದು ನಮ್ಮ ಮನೆಯಲ್ಲಿರಲಿ, ದಿನಾ ಬಸ್ಸಿಗೆ ಓಡಾಡಲಿ ಎಂದ. ಪಾಳಿಯ ಕೆಲಸದವರಿಗಾಗಿ ಬಸ್ಸು ಕಾದು ನಿಲ್ಲುತ್ತದೆಯೇ? ಮಾನ್ವಿಗೆ ಹೋದರೆ ನೌಕರಿ ಹೋದಂತೆಯೇ ಎಂದು ವಿಶಾಖಾ ಫೋನಿನಲ್ಲಿ ಅತ್ತಳು. ಕೊನೆಗೆ ಅಣ್ಣ ತಂಗಿ ಇಬ್ಬರೂ ತಾಯಿಯ ಮೇಲೆ ಹಾಕಿದರು.

"ನೀನ ಬಂದು ನೋಡಬೇ. ನೀ ಬ್ಯಾಡ ಅಂದ್ರ ಮರುದಿನಾನ ಗಂಟು ಕಟ್ಟತೀನಿ," ಎಂದಿದ್ದಳು ವಿಶಾಖಾ. ಮನೆಯೊಡತಿ ಮುನವ್ವರ್ ಬೀ ನಿಮ್ಮಿಬ್ಬರನ್ನೂ ಸಂಜೆ ಊಟಕ್ಕೆ ಕರೆದಿದ್ದಾರೆ, ನನಗೆ ಡ್ಯೂಟಿ ಮುಗಿಯುವುದು ತಡ, ನೀವು ನೇರ ಮನೆಗೇ ಹೋಗಿ ಎಂದೂ ಹೇಳಿದ್ದಳು.

ಸಂಜೆ ಊಟ. ಕೆಟ್ಟದ್ದೆಲ್ಲ ಈ ಎರಡು ಮಾತಿನಿಂದಲೇ. ಮಸರಕಲ್ಲಿನಲ್ಲಿ ಸಂಜೆಯೆಂದರೆ ದನ ಮನೆಗೆ ಬರುವ ಹೊತ್ತು. ಈ ಮನೆಯಲ್ಲಿ ಸಂಜೆಯೆಂಬುದು ಗುಲಾಮ್ ದಸ್ತಗೀರರು ಗಂಜ್ ಮಾರುಕಟ್ಟೆಯ ಹತ್ತಿರದ ತಮ್ಮ ಹಗ್ಗ, ತಾಡಪಾಲಿನ ಅಂಗಡಿಯ ಶಟರು ಎಳೆದು ಬರುವವರೆಗೂ ಮುಗಿಯುತ್ತಿರಲಿಲ್ಲ. ಅವರು ಬಂದು ಕೈ ತೊಳೆದು, ನೆಲದ ಮೇಲೆ ದಸ್ತರಖಾನಿನ ಬಟ್ಟೆ ಹಾಸಿದ ಮೇಲೆಯೇ ಇಡೀ ಮನೆ ಸುತ್ತ ಕೂತು ಉಣ್ಣಬೇಕು. ಅದಕ್ಕೆ ಹತ್ತಾದರೂ ಸರಿ, ಅದರ ಮೇಲಾದರೂ ಸರಿ. ವಿಶಾಖಾಳಿಗೆ ಎರಡೂ ಮನೆಯ ಹೊತ್ತು ಗೊತ್ತಿತ್ತು, ಒಂದು ಮನೆಯದನ್ನು ಇನ್ನೊಂದು ಮನೆಗೆ ತಿಳಿಸಬೇಕೆಂದು ಹೊಳೆಯಲಿಲ್ಲ. ಮಂದಿಗೆ ಮೂರು ಹೊತ್ತು ಗುಳಿಗೆ ನುಂಗಿಸುವ ಹುಡುಗಿಗೆ ಮನೆಯ ಹೊತ್ತು ಮರೆತರೆ ಯಾರಿಗೆ ಹೇಳುವುದು?

ಬಸ್ಸಿಳಿದು ಆಟೋ ಹಿಡಿದು ಇಬ್ಬರೂ ಬಂದಾಗ ಇನ್ನೂ ಬೆಳಕಿತ್ತು. ಮುನವ್ವರ್ ಬೀ ಬಾಗಿಲಲ್ಲೇ ನಿಂತಿದ್ದಳು. ತಲೆಯ ಮೇಲೆ ಸೆರಗು, ಬೆರಳಿಗೆ ಮಸಾಲೆಯ ಅರಿಶಿನ. ನಕ್ಕು, "ಬರ್ರಿ ಅಕ್ಕಾರ, ಬರ್ರಿ. ಊಟ ಆತೇನ್ರಿ?" ಎಂದಳು.

ಇದೇನು ಕೇಳುವ ಪ್ರಶ್ನೆಯೇ? ಈ ಕಡೆ ಬಾವಿಕಟ್ಟೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಸತ್ತವರ ಮನೆಯ ಮುಂದೆ ಕೂಡ ಎದುರಾದವರಿಗೆ ಕೇಳುವ ಮಾತು. ಉತ್ತರವೂ ಒಂದೇ. ಮೂರು ದಿನ ಉಪವಾಸ ಬಿದ್ದವನೂ ಆತು ಎನ್ನುತ್ತಾನೆ. ಗೋಪಮ್ಮ ಚಪ್ಪಲಿ ಬಿಡುತ್ತ, "ಆತ್ರೀ ಯವ್ವಾ," ಎಂದಳು.

ಮಸರಕಲ್ಲಿನ ರೀತಿಯಲ್ಲಿ ಇದು ಊಟದ ಮೊದಲ ಮೆಟ್ಟಿಲು. ಬಂದವರು ಆತು ಎನ್ನಬೇಕು, ಮನೆಯವರು ಆದರೇನಾತು ತುಸು ಉಣ್ರಿ ಎನ್ನಬೇಕು. ಬಂದವರು ಮತ್ತೆ ಬ್ಯಾಡ್ರಿ ಎನ್ನಬೇಕು. ಮೂರನೇ ಸಲ ಕೈ ಹಿಡಿದು ಎಳೆದಾಗ, ನಿಮ್ಮ ಮಾತು ಯಾಕ ಮೀರೂದು ಎಂದು ಕೂರಬೇಕು. ಮುನವ್ವರ್ ಬೀ ಎಳೆಯಲಿಲ್ಲ. ಮುಖದ ನಗು ಸ್ವಲ್ಪ ಬಾಡಿತು, ಹೌದೇನ್ರಿ ಎಂದು ಸುಮ್ಮನೆ ಒಳಗೆ ಹೋದಳು. ಸೊಸೆ ಹುಮೇರಾ ಚಹಾ, ಬಿಸ್ಕೀಟು ತಂದಿಟ್ಟು ಅವಳೂ ಒಳಗೆ ಹೋದಳು.

ಮನೆಯೇನೋ ಚಂದಿತ್ತು. ಅಂಗಳ ಸ್ವಚ್ಛ, ಮಾಳಿಗೆಗೆ ಹೋಗುವ ಮೆಟ್ಟಿಲು ಒಳಗಿನಿಂದಲೇ, ರಾತ್ರಿ ಬಾಗಿಲಿಗೆ ಒಳ ಅಗುಳಿ. ಗೋಪಮ್ಮ ಬಿಸ್ಕೀಟು ಕಡಿಯುತ್ತ ಎಲ್ಲ ನೋಡಿಕೊಂಡಳು. ಹುಡುಗಿ ಇರಲು ಅಡ್ಡಿಯಿಲ್ಲ ಎಂದು ಅರ್ಧ ತೀರ್ಪೂ ಬರೆದುಬಿಟ್ಟಳು ಮನಸ್ಸಿನಲ್ಲಿ. ಒಳಗಿನಿಂದ ಬಗಾರ ಅನ್ನದ ಘಮ ಬರುತ್ತಿತ್ತು. ಹೊತ್ತು ಮುಳುಗಿ ಮಗ್ರಿಬಿನ ಅಜಾನ್ ಆಯಿತು, ಒಳಗೆ ನಮಾಜಿಗೆ ನೀರು ಬಿಟ್ಟ ಸದ್ದಾಯಿತು. ಪ್ರಾರ್ಥನೆ ಆದ ಮೇಲೆ ಕರೆಯುತ್ತಾರೆ ಎಂದುಕೊಂಡಳು. ಉರುಕುಂದಪ್ಪ ಅದೇ ನಂಬಿಕೆಯಲ್ಲಿ, ದಿನಾ ಊಟಕ್ಕೆ ಮೊದಲು ನುಂಗುವ ಶುಗರ್ ಗುಳಿಗೆಯನ್ನು ಜೇಬಿನಿಂದ ತೆಗೆದು ನುಂಗಿದ.

ಯಾರೂ ಕರೆಯಲಿಲ್ಲ.

ಓಣಿಯಲ್ಲಿ ದೀಪಗಳು ಹತ್ತಿದವು. ಎದುರಿನ ಜೈನ ಮಾರವಾಡಿಗಳ ಮನೆಯಲ್ಲಿ ಬೆಳಕಿರುವಾಗಲೇ ಊಟ ಮುಗಿಸಿ ತಾಟು ತೊಳೆದ ಸದ್ದು ಕೇಳಿತ್ತು, ಈಗ ಅವರ ಅಡಿಗೆಮನೆ ಕತ್ತಲಾಗಿತ್ತು. ಗೋಪಮ್ಮ ಎದ್ದು ಬಾಗಿಲಿಗೆ ಹೋಗಿ ಓಣಿ ನೋಡಿದಳು, ಬಂದು ಕೂತಳು, ಕಾಲು ಮಡಚಿದಳು, ಚಾಚಿದಳು, ಮತ್ತೆ ಎದ್ದಳು. ಹೊಟ್ಟೆ ತಾಳ ಹಾಕಲು ಶುರುಮಾಡಿತ್ತು. ಹೊಟ್ಟೆಗಿಂತ ಹೆಚ್ಚು ತಲೆ ಕುದಿಯುತ್ತಿತ್ತು. ಕರೆದು ಕೂಡಿಸಿ, ಘಮ ತೋರಿಸಿ, ಒಂದು ಮಾತು ಉಣ್ರಿ ಎನ್ನದ ಮನೆ ಇದ್ಯಾವುದು?

"ಆತು ಅಂತ ಅಂದಾಕಿ ನೀನ," ಎಂದ ಉರುಕುಂದಪ್ಪ ಮೆಲ್ಲಗೆ. "ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು."

ಅವಳು ಗುರ್ರೆಂದು ನೋಡಿದಳು.

ಹಸಿವೆಯೊಂದೇ ಆಗಿದ್ದರೆ ಗೋಪಮ್ಮ ನುಂಗಿಕೊಳ್ಳುತ್ತಿದ್ದಳು. ಎದೆಯಲ್ಲಿ ಹಳೆಯದೊಂದು ಎದ್ದು ಕೂತಿತ್ತು. ಸಣ್ಣವಳಿದ್ದಾಗ ದೊಡ್ಡವರ ಮನೆಯ ಮದುವೆಯಲ್ಲಿ ಅವಳ ಓಣಿಯವರನ್ನೆಲ್ಲ ದನದ ಕೊಟ್ಟಿಗೆಯ ಆಚೆ ಕೂಡಿಸಿದ್ದರು. ಎಲ್ಲರ ಪಂಕ್ತಿ ಮುಗಿಯಬೇಕು, ಆಮೇಲೆ ಉಳಿದದ್ದು ಇವರಿಗೆ. ತಡೆಯಲಾಗದೆ ಅವಳು ಹಸಿವಾಗೇದ ಎಂದು ಜೋರಾಗಿ ಅತ್ತಿದ್ದಳು. ಬಡಿಸುವವನೊಬ್ಬ ನಕ್ಕು, ಇವಕ್ಕ ಯಾವಾಗ ಹಸಿವಿಲ್ಲ ಹೇಳು ಎಂದಿದ್ದ. ಅವ್ವ ಬಾಯಿಯ ಮೇಲೆ ಹೊಡೆದದ್ದು ಈಗಲೂ ನೆನಪಿದೆ. ಅಂದಿನಿಂದ ಪರರ ಹೊಸ್ತಿಲಲ್ಲಿ ಆ ಮಾತು ಅವಳ ಬಾಯಿಂದ ಬಂದಿಲ್ಲ. ಈಗ ಮಗ ಮಾಸ್ತರ, ಮಗಳು ನರ್ಸು, ಆದರೂ ರಾಯಚೂರಿಗೆ ಬಂದು ಮತ್ತೆ ಕೊಟ್ಟಿಗೆಯ ಆಚೆಯೇ ಕೂತಂತಾಯಿತಲ್ಲ ಎಂದು ಅವಳಿಗೆ ಕಣ್ಣು ತುಂಬಿತು.

ಅಷ್ಟರಲ್ಲಿ ಮಾನ್ವಿಯಿಂದ ಕಿರಣಕುಮಾರನ ಫೋನು. ಮನೆ ಹೇಗಿದೆ, ನಾಳೆ ಸಾಮಾನು ತರಲು ಗಾಡಿ ಮಾಡಿಕೊಂಡು ಬರಲೇ ಎಂದು ಕೇಳಿದ. ಗೋಪಮ್ಮ ಒಮ್ಮೆ ಒಳಬಾಗಿಲ ಪರದೆ ನೋಡಿದಳು.

"ಬಾ," ಎಂದು ಫೋನು ಇಟ್ಟಳು.

ಮಗಳ ನೌಕರಿಯನ್ನು ಒಂದೇ ಅಕ್ಷರದಲ್ಲಿ ಮುಗಿಸಿದ್ದು ಅವಳಿಗೂ ಗೊತ್ತಿತ್ತು, ಆದರೆ ಹಟ ಅದಕ್ಕಿಂತ ದೊಡ್ಡದಿತ್ತು. ಆಗಲೇ ಗಂಡನ ಕಡೆ ನೋಡಿದ್ದು. ಉರುಕುಂದಪ್ಪನ ಹಣೆಯೆಲ್ಲ ಬೆವರು, ಮಡಿಲಲ್ಲಿಟ್ಟ ಕೈ ನಡುಗುತ್ತಿತ್ತು. ಗುಳಿಗೆ ನುಂಗಿ ಉಣ್ಣದೆ ಇದ್ದರೆ ಹೀಗಾಗುತ್ತದೆ ಎಂದು ವಿಶಾಖಾ ನೂರು ಸಲ ಹೇಳಿದ್ದಳು.

ಚೀಲದಲ್ಲಿ ಬುತ್ತಿ ಇತ್ತು. ನಾಲ್ಕು ರೊಟ್ಟಿ, ಶೇಂಗಾ ಚಟ್ನಿಪುಡಿಯ ಹಿಂಡಿ, ದಾರಿಗೆಂದು ಕಟ್ಟಿದ್ದು. ಗೋಪಮ್ಮ ಚೀಲಕ್ಕೆ ಕೈ ಹಾಕಿದಳು, ಗಂಟು ಸಿಕ್ಕಿತು, ಕೈ ಅಲ್ಲೇ ನಿಂತಿತು. ಮಗನಿಗೆ ನೌಕರಿ ಸಿಕ್ಕಾಗ ಅವಳು ಊರ ಹಿರಿಯನೊಬ್ಬನನ್ನು ಹೋಳಿಗೆ ಊಟಕ್ಕೆ ಕರೆದಿದ್ದಳು. ಅವನು ಅಂಗಳದಲ್ಲೇ ನಿಂತು, ಊಟ ಆಗೇದವಾ ಗೋಪಮ್ಮ ಎಂದು ನಯವಾಗಿ ಹೇಳಿ ಹೋಗಿದ್ದ. ಸ್ವಲ್ಪ ಹೊತ್ತಿಗೆ ಹೊಲದ ದಾರಿಯ ಬೇವಿನ ಮರದ ಕೆಳಗೆ ಕೂತು ತನ್ನ ಬುತ್ತಿ ಬಿಚ್ಚಿದ್ದನ್ನು ಅವಳೇ ಕಂಡಿದ್ದಳು. ಆ ಹೋಳಿಗೆಯನ್ನು ಅವಳು ಆಮೇಲೆ ಬಾಯಿಗಿಡಲಿಲ್ಲ. ಕರೆದ ಮನೆಯಲ್ಲಿ ಸ್ವಂತ ಬುತ್ತಿ ಬಿಚ್ಚುವುದೆಂದರೆ ಮುಖಕ್ಕೆ ಉಗುಳಿದಂತೆ, ಇದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಊಟ ಆಗೇದ.

ಗೋಪಮ್ಮ ಕೂತಲ್ಲೇ ಬೆಚ್ಚಿದಳು. ತಾನು ಬಾಗಿಲಲ್ಲಿ ನಿಂತು ಹೇಳಿದ್ದು ಏನು? ಅದೇ ಮಾತು. ಕರೆದವಳ ಮುಖದ ನಗು ಬಾಡಿದ್ದು ಯಾವಾಗ? ಆ ಮಾತಿಗೇ. ಅವಳು ಚೀಲ ಎತ್ತಿಕೊಂಡು ಪರದೆ ಸರಿಸಿ ಒಳಗೆ ನಡೆದಳು.

ಅಡಿಗೆಮನೆಯಲ್ಲಿ ಮುನವ್ವರ್ ಬೀ ಮುಚ್ಚಿದ ಪಾತ್ರೆಗಳ ಮುಂದೆ ಸುಮ್ಮನೆ ಕೂತಿದ್ದಳು. ಒಂದು ದೊಡ್ಡ ಹಂಡೆಯಲ್ಲಿ ಬಗಾರ ಅನ್ನ, ಪಕ್ಕದಲ್ಲಿ ಬೇಳೆಯ ದಾಲ್ಚಾ, ಹೊಸ ಗಾಜಿನ ಬಟ್ಟಲುಗಳು. ಮನೆಯ ಮೂರು ಮಂದಿಗಷ್ಟೇ ಮಾಡುವ ಅಡಿಗೆಯಲ್ಲ ಅದು. ಹುಮೇರಾ ಸಿಡುಕಿನಿಂದ, "ಖಾ ಕೋ ಆಯೇ ಬೋಲೇ ನಾ," ಎನ್ನುತ್ತಿದ್ದಳು. ಸಂತೆಯಲ್ಲಿ ಬೆಳೆದ ಗೋಪಮ್ಮನಿಗೆ ಅಷ್ಟು ದಖ್ಖನಿ ಅರ್ಥವಾಗುತ್ತಿತ್ತು. ಉಂಡು ಬಂದೀವಿ ಅಂದರಲ್ಲ, ಮತ್ತೆ ಯಾಕೆ ಕರೆದು ಮಾನ ಕಳೆದುಕೊಳ್ಳುವುದು ಎಂಬುದು ಆ ಮಾತಿನ ಅರ್ಥ.

ಇಬ್ಬರೂ ತಲೆ ಎತ್ತಿದರು. ಗೋಪಮ್ಮನಿಗೆ ಬಾಯಿಯ ಮೇಲೆ ಅವ್ವನ ಏಟು ಇನ್ನೊಮ್ಮೆ ಬಿದ್ದಂತಾಯಿತು. ಆದರೂ ಹೇಳಿದಳು.

"ಊಟ ಆಗಿಲ್ರೀ ಯವ್ವಾ. ಬಾಯಿಮಾತಿಗೆ ಅಂದೆ. ನಮಗ ಹಸಿವಾಗೇದ."

ಗೋಪಮ್ಮ ಗಂಡನ ನಡುಕದ ಸುದ್ದಿಯನ್ನೂ ಹೇಳಿದ್ದೇ ತಡ, ಮುನವ್ವರ್ ಬೀ ಎದ್ದವಳೇ ಸಕ್ಕರೆ ಡಬ್ಬಿ ಹಿಡಿದು ಹೊರಗೆ ಓಡಿ ಉರುಕುಂದಪ್ಪನ ಅಂಗೈಗೆ ಸುರಿದು, ಬಾಯಿಗೆ ಹಾಕ್ಕೊಳ್ರಿ ಯಪ್ಪಾ ಎಂದು ಗದರಿದಳು. ಹುಮೇರಾ ನೀರು ತಂದಳು. ಅವನ ಬೆವರು ಆರುವವರೆಗೂ ಮುನವ್ವರ್ ಬೀ ಅಲ್ಲಿಂದ ಅಲುಗಲಿಲ್ಲ. ಆಮೇಲೆ ಇಬ್ಬರನ್ನೂ ಅಡಿಗೆಮನೆಗೇ ಕರೆದು, ದಸ್ತರಖಾನೂ ಇಲ್ಲ ಏನೂ ಇಲ್ಲ, ಮಣೆ ಹಾಕಿ ಕೂಡಿಸಿ ಅನ್ನ ಬಡಿಸಿದಳು.

"ಈ ಮನಿಗೆ ಬರೋ ಭಾಳ ಮಂದಿ ಹಂಗ ಅಂತಾರ್ರಿ ಅಕ್ಕಾರ. ಚಹಾ ಕುಡೀತಾರ, ಊಟ ಆಗೇದ ಅಂತಾರ," ಎಂದಳು. ಮಕ್ಕಳು ಸಣ್ಣವರಿದ್ದಾಗ ಓದು ಹೇಳಿಕೊಡಲು ಬರುತ್ತಿದ್ದ ಒಬ್ಬಾಕೆಯನ್ನು ಒಮ್ಮೆ ಕೈ ಹಿಡಿದು ಕೂಡಿಸಿದ್ದಳಂತೆ. ಆಕೆ ಒಂದು ತುತ್ತು ಕಲಸಿ, ಕಲಸಿ, ಹಾಗೇ ಬಿಟ್ಟು ಎದ್ದಿದ್ದಳಂತೆ. ಅಂದಿನಿಂದ ಯಾರನ್ನೂ ಎರಡನೇ ಸಲ ಕೇಳುವುದಿಲ್ಲ ಎಂದು ಆಣೆ ಹಾಕಿಕೊಂಡೆ ಎಂದಳು. ನೀವೂ ಅದೇ ಪೈಕಿ ಎಂದುಕೊಂಡೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಗೋಪಮ್ಮ ತುತ್ತು ನುಂಗಿ, ಚೀಲದಿಂದ ಬುತ್ತಿ ತೆಗೆದು ಗಂಟು ಬಿಚ್ಚಿ ನಡುವೆ ಇಟ್ಟಳು. ಕೊಟ್ಟಿಗೆಯ ಕಥೆ ಹೇಳಬೇಕೆಂದು ಬಾಯಿ ತೆರೆದಳು, ಆಗಲಿಲ್ಲ, ಅಳು ಬಂದುಬಿಟ್ಟಿತು. ಮುನವ್ವರ್ ಬೀ ಒಂದು ರೊಟ್ಟಿ ಮುರಿದು ಹಿಂಡಿ ಹಚ್ಚಿಕೊಂಡು, ಗಂಡ ಬರುವ ಮೊದಲೇ, ಬಾಯಿಗೆ ಹಾಕಿಕೊಂಡಳು. ಹುಮೇರಾ ಅತ್ತೆಯನ್ನು ಕಣ್ಣರಳಿಸಿ ನೋಡಿದಳು. ಮದುವೆಯಾಗಿ ಬಂದಾಗಿನಿಂದ ಮಾವನಿಗಿಂತ ಮೊದಲು ಅತ್ತೆ ಉಂಡದ್ದನ್ನು ಅವಳು ಕಂಡಿರಲಿಲ್ಲ.

ವಿಶಾಖಾ ಡ್ಯೂಟಿ ಮುಗಿಸಿ ಏದುಸಿರು ಬಿಡುತ್ತ ಬಂದಳು. ಅಡಿಗೆಮನೆಯಲ್ಲಿ ಅಪ್ಪ ಮಣೆಯ ಮೇಲೆ ಕೂತು ಬಟ್ಟಲು ನೆಕ್ಕುತ್ತಿದ್ದ, ಅವ್ವನ ಕಣ್ಣು ಕೆಂಪಾಗಿತ್ತು. ಏನಾಯಿತೆಂದು ಕೇಳುವಷ್ಟರಲ್ಲಿ ಗೋಪಮ್ಮನೇ ಅವಳ ಮೇಲೆ ಹಾಯ್ದಳು. ಎರಡು ಮನೆಯ ಅನ್ನ ತಿನ್ನುವವಳು ಎರಡು ಮನೆಯ ಹೊತ್ತು ಹೇಳಬಾರದೇ ಎಂದು ಚೆನ್ನಾಗಿ ಬೈದಳು. ಬೈದು ಮುಗಿದ ಮೇಲೆ ದನಿ ಇಳಿಸಿದಳು.

"ನಿಮ್ಮಣ್ಣಗ ಫೋನ್ ಹಚ್ಚು. ನಾಳಿ ಗಾಡಿ ತರಬ್ಯಾಡ ಅಂತ ಹೇಳು. ಬರೂದಾದ್ರ ಸುಮ್ಮನ ಬಂದು ಉಂಡು ಹೋಗು ಅನ್ನು."

ಗಾಡಿ ಯಾವುದು ಎಂದು ಕೇಳಲು ಹೋದ ವಿಶಾಖಾ, ತಾಯಿಯ ಮುಖ ನೋಡಿ, ನೌಕರಿ ಉಳಿಯಿತೆಂದು ಅರ್ಥವಾಗಿ, ಅಣ್ಣನಿಗೆ ಫೋನು ಹಚ್ಚಿದಳು.

ಆಮೇಲೆ ಬಾಗಿಲ ಸದ್ದಾಯಿತು. ಗುಲಾಮ್ ದಸ್ತಗೀರರು ಹೆಗಲ ಮೇಲಿನ ಹಗ್ಗದ ಧೂಳು ಕೊಡವುತ್ತ ಒಳಬಂದರು. ಹುಮೇರಾ ಪಡಸಾಲೆಯಲ್ಲಿ ದಸ್ತರಖಾನು ಹಾಸಿದಳು. ಅವರು ಕೈ ತೊಳೆದು ಬಂದು ಬೀಗರನ್ನು ಕಂಡಷ್ಟು ಮರ್ಯಾದೆಯಿಂದ ಇಬ್ಬರಿಗೂ ಕೈ ಎತ್ತಿದರು. ಎಲ್ಲರೂ ಕೇಳುವ ಮಾತನ್ನೇ ಕೇಳಿದರು.

"ಊಟ ಆತೇನ್ರಿ ಅಕ್ಕಾರ?"

ಅಡಿಗೆಮನೆಯ ಬಾಗಿಲಲ್ಲಿ ಮುನವ್ವರ್ ಬೀ ನಿಂತಲ್ಲೇ ನಿಂತಳು. ಗೋಪಮ್ಮನ ಹೊಟ್ಟೆಯಲ್ಲಿ ಇನ್ನೊಂದು ಅಗುಳಿಗೂ ಜಾಗವಿರಲಿಲ್ಲ. ಹೊರಗೆ ಓಣಿಯೆಲ್ಲ ಮಲಗಲು ಹೊರಟಿತ್ತು, ಮಸರಕಲ್ಲಿನಲ್ಲಿ ಇಷ್ಟು ಹೊತ್ತಿಗೆ ಅವಳದು ಅರ್ಧ ನಿದ್ದೆ ಆಗಿರುತ್ತಿತ್ತು.

"ಇನ್ನ ಎಲ್ಲಿ ಆಗೇದ್ರಿ? ನಿಮ್ಮ ದಾರಿ ಕಾಯಾಕತ್ತಿದ್ವಿ," ಎಂದು ಗೋಪಮ್ಮ ದಸ್ತರಖಾನಿನ ಅಂಚಿಗೆ ಕಾಲು ಮಡಚಿ ಕೂತಳು.

ಮುನವ್ವರ್ ಬೀ ಇನ್ನೊಂದು ತಾಟು ತಂದು ಅವಳ ಮುಂದಿಟ್ಟಳು.