ಹೋದ ವರ್ಷದ ಎತ್ತರ

ಗುಂಡಿಯೊಳಗಿಂದ ಹದಿನಾಲ್ಕನೇ ಬಕೆಟ್ ನೀರು ಮೇಲೆ ಬಂತು. ಗುಂಡಿ ತೋಡುವವನು ಅದನ್ನು ಪಕ್ಕಕ್ಕೆ ಸುರಿದು, ಸೊಂಟ ಹಿಡಿದುಕೊಂಡು ನೆಟ್ಟಗಾದ.

"ಬೆಳಿಗ್ಗೆ ಒಣಗೇ ಇತ್ತಮ್ಮ. ಒಂದು ತಿಂಗಳಿಂದ ಹನಿ ಮಳೆ ಇಲ್ಲ. ಈ ನೀರು ಎಲ್ಲಿಂದ ಬರ್ತಿದೆಯೋ, ನಂಗಂತೂ ತಲೆಬುಡ ಗೊತ್ತಾಗ್ತಿಲ್ಲ."

ಶವಪೆಟ್ಟಿಗೆಯನ್ನು ಬೆಟ್ಟದ ಓರೆಯ ತನಕ ಹೊತ್ತು ತಂದವರು ಅದನ್ನು ಎರಡು ಬೆಂಚುಗಳ ಮೇಲೆ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. ಒಳಗಿದ್ದವರು ಮೋಜಣಿ ಕಚೇರಿಯ ಮೋಜಣಿದಾರರು. ಬದುಕಿದ್ದಾಗ ಯಾರನ್ನೂ ಐದು ನಿಮಿಷ ಕಾಯಿಸಿದವರಲ್ಲ, ಪಾಪ. ಈಗ ಅರ್ಧ ಊರನ್ನೇ ಬಿಸಿಲಲ್ಲಿ ನಿಲ್ಲಿಸಿದ್ದರು. ತಲೆಯ ಕಡೆ ನಿಂತಿದ್ದವಳು ಮಗಳು, ಬೆಟ್ಟದ ಬುಡದ ಶಾಲೆಯ ಟೀಚರು. ಅಲ್ಲಿಂದ ಶಾಲೆಯ ಹೆಂಚಿನ ಮಾಡು ನೇರ ಕೆಳಗೆ ಕಾಣುತ್ತಿತ್ತು. ಇವತ್ತು ರಜೆ ಅವಳೊಬ್ಬಳಿಗೆ, ಮಕ್ಕಳಿಗಲ್ಲ.

ಕಾಯುವ ಹೊತ್ತು ದಂಡವಾಗಬಾರದೆಂದು ಕಚೇರಿಯ ನಿರ್ದೇಶಕರು ಭಾಷಣ ಶುರುಮಾಡಿಯೇ ಬಿಟ್ಟರು. ಮಾತಿನ ಚಟ ಹತ್ತಿದವರಿಗೆ ಮದುವೆಯಾದರೇನು, ಮಸಣವಾದರೇನು.

"ನಮ್ಮದು ವಿಶಾಲವಾದ ದೇಶ. ಮೂರರಲ್ಲಿ ಎರಡು ಪಾಲು ಬೆಟ್ಟ, ಸುತ್ತ ಐದು ದೇಶ, ಸಮುದ್ರ ಇಲ್ಲ. ಇಷ್ಟನ್ನೂ ಅಳೆದು ಪುಸ್ತಕಕ್ಕೆ ಇಳಿಸಿದ ಕೈ ಇವರದು. ಈ ಬೆಟ್ಟವನ್ನೇ ನೋಡಿ. ಇಪ್ಪತ್ತಾರು ವರ್ಷದಲ್ಲಿ ಇದರ ಎತ್ತರದಲ್ಲಿ ಒಂದು ಅಂಕಿ ಆಚೀಚೆ ಆಗಲಿಲ್ಲ. ಅಂಥಾ ಅಚ್ಚುಕಟ್ಟು."

ಮಗಳ ಪಕ್ಕದ ಮುದುಕ ಕೆಮ್ಮಿದ. ಅಪ್ಪನ ಜತೆ ಅಳತೆಯ ಸರಪಳಿ ಹಿಡಿದು ಬೆಟ್ಟಗಳನ್ನು ಸುತ್ತಿದವನು. ಚಿಕ್ಕಂದಿನಿಂದಲೂ ಅವಳಿಗೆ ಅವನು ಸರಪಳಿ ಮಾಮ.

"ಆಗಲಿಲ್ಲ ಅಲ್ಲ," ಎಂದ ಅವಳಿಗಷ್ಟೇ ಕೇಳುವ ಹಾಗೆ. "ಆಗೋಕೆ ಬಿಡಲಿಲ್ಲ."

"ಏನ್ ಹೇಳ್ತಿದೀರಿ ಮಾಮ?"

"ಬೆಟ್ಟ ಒಳಗೇ ಬಿರಿದಾಗ ಮಾತ್ರ ಒಣ ನೆಲದಲ್ಲಿ ನೀರು ಹೀಗೆ ಉಕ್ಕೋದು. ಇದನ್ನ ನೋಡಿದ ಮೇಲೂ ಬಾಯಿ ಮುಚ್ಕೊಂಡಿದ್ರೆ ನಾನು ಮನುಷ್ಯನೇ ಅಲ್ಲ ಮಗಳೇ. ಕೇಳು."

*

ಆ ಪುಸ್ತಕ ವರ್ಷಕ್ಕೊಮ್ಮೆ ಅಚ್ಚಾಗುತ್ತಿತ್ತು. ವಿಸ್ತೀರ್ಣ, ಗಡಿ, ನದಿಗಳು, ಶಿಖರಗಳು. ಕರಾವಳಿಯ ಮುಂದೆ ಸೊನ್ನೆ. "ಇದೊಂದನ್ನ ಮಾತ್ರ ಕಣ್ಣು ಮುಚ್ಚಿ ಬರೀಬಹುದು ಕಣೋ," ಎಂದು ಮೋಜಣಿದಾರರು ನಗುತ್ತಿದ್ದರು. ಉಳಿದದ್ದನ್ನು ಅಳೆದೇ ಬರೆಯಬೇಕೆಂಬ ಹಟ ಅವರದು.

ಅವರು ಕೆಲಸಕ್ಕೆ ಸೇರಿದ ಹನ್ನೆರಡನೇ ವರ್ಷ ಊರ ಬೆಟ್ಟದ ಎತ್ತರ ಅರ್ಧ ಮೀಟರ್ ಕಡಿಮೆ ಬಂತು. ಯಂತ್ರದ ತಪ್ಪಿರಬೇಕೆಂದು ಮೂರು ಸಲ ಅಳೆದರು. ಕೊನೆಗೆ ನೆತ್ತಿಯ ಹಿಂದೆ, ಹುಲ್ಲಿನೊಳಗೆ, ಉದ್ದಕ್ಕೆ ಬಿದ್ದ ಬಿರುಕು ಕಂಡಿತು. ಕೈ ಹಾಕಿದರೆ ಮೊಣಕೈ ತನಕ ಹೋಗುತ್ತಿತ್ತು.

ನಿರ್ದೇಶಕರು ಕಾಗದವನ್ನು ನೋಡಿ ವಾಪಸು ತಳ್ಳಿದರು. "ಬೆಟ್ಟ ಎಲ್ಲಾದರೂ ಕುಗ್ಗುತ್ತೇನ್ರೀ? ಹೋದ ವರ್ಷದ ಎತ್ತರಾನೇ ಬರೀರಿ. ಕೆಳಗೆ ಶಾಲೆ ಕಟ್ಟೋಕೆ ಮಂಜೂರಾಗಿದೆ, ಗೊತ್ತಲ್ಲ?"

ಮೋಜಣಿದಾರರು ಬರೆದರು. ಇದ್ದದ್ದು ಕಚೇರಿ ಕೊಟ್ಟ ಮನೆ, ಹೆಂಡತಿ ಇಲ್ಲ, ಹತ್ತು ವರ್ಷದ ಮಗಳು. ಮರುವರ್ಷವೂ ಅದನ್ನೇ ಬರೆದರು. ಮುಂದೆ ಆ ಶಾಲೆಗೇ ಮಗಳಿಗೆ ಕೆಲಸ ಸಿಕ್ಕ ದಿನ ಅವರು ಊಟ ಬಿಟ್ಟು ಎದ್ದದ್ದು ಯಾಕೆಂದು ಅವಳಿಗೆ ಆಗ ತಿಳಿದಿರಲಿಲ್ಲ.

ಹೋದ ತಿಂಗಳು ಮೋಜಣಿದಾರರೂ ಮಾಮನೂ ಮತ್ತೆ ನೆತ್ತಿಗೆ ಹೋದರು. ಮಾಮ ಬಿರುಕಿನೊಳಕ್ಕೆ ಸರಪಳಿ ಇಳಿಬಿಟ್ಟ. ಪೂರ್ತಿ ಬಿಟ್ಟರೂ ತಳ ಸಿಗಲಿಲ್ಲ.

"ಮಗಳಿಗಾದ್ರೂ ಹೇಳಿಬಿಡಿ ಸಾರ್."

"ಏನಂತ ಹೇಳ್ಲಿ? ನಿನ್ನ ಶಾಲೆ ನನ್ನ ಸುಳ್ಳಿನ ಮೇಲೆ ನಿಂತಿದೆ ಅಂತಲಾ?"

*

ಅಪ್ಪನ ಮೇಲೆ ಅವಳಿಗೆ ಹುಟ್ಟಿದಾಗಿನಿಂದ ಬರದಷ್ಟು ಸಿಟ್ಟು ಬಂತು. ಪೆಟ್ಟಿಗೆಯಲ್ಲಿ ಮಲಗಿದವರನ್ನು ಜಗ್ಗಿ ಎಬ್ಬಿಸಿ ಜಗಳ ಆಡುವ ಹಾಗೂ ಇಲ್ಲ. ಬದುಕಿದ್ದವರ ಕಡೆ ತಿರುಗಿದಳು.

"ಸಾರ್, ಈ ಬೆಟ್ಟ ಜಾರ್ತಾ ಇದೆಯಾ?"

ನಿರ್ದೇಶಕರ ಮಾತು ನಿಂತಿತು. "ದುಃಖದಲ್ಲಿದೀರಿ ಟೀಚರ್, ಕೂತ್ಕೊಳ್ಳಿ. ಯಾರಾದ್ರೂ ಇವರಿಗೆ ನೀರು ಕೊಡ್ರಪ್ಪ."

"ನೀರಿಗೇನು ಬರ ಇಲ್ಲಿ," ಎಂದ ಗುಂಡಿ ತೋಡುವವನು.

ಅವಳು ಕೆಳಗಿಳಿಯತೊಡಗಿದಳು. ಸೋದರತ್ತೆ ಸೆರಗು ಹಿಡಿದಳು. "ಹೆತ್ತಪ್ಪನ್ನ ಮಣ್ಣು ಮಾಡದೆ ಎಲ್ಲಿಗೇ ಹೊರಟೆ?"

"ಎಪ್ಪತ್ತೆರಡು ಮಕ್ಕಳಿದಾರೆ ಅತ್ತೆ. ಅಪ್ಪ ಕಾಯ್ತಾರೆ."

ಶಾಲೆಯ ಹಿಂದಿನ ಗೋಡೆಯಲ್ಲಿ ಬೆರಳಗಲದ ಸೀಳು ಬಿಟ್ಟಿತ್ತು. ಮೊನ್ನೆ ಅದು ಇರಲಿಲ್ಲ. ಜತೆಯ ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು. "ಮೇಲಿನವರ ಆರ್ಡರ್ ಇಲ್ದೆ ಹೇಗ್ರೀ ಬಿಡೋದು?"

"ನಾನೇ ಬಿಟ್ಟೆ ಅಂತ ಹೇಳಿ. ಬೈಸ್ಕೊಳ್ಳೋಳೂ ನಾನೇ."

ಚೀಲಗಳನ್ನು ಅಲ್ಲೇ ಬಿಡಿಸಿ ಮಕ್ಕಳನ್ನು ಸಾಲಾಗಿ ಹೊರಡಿಸಿದಳು. ಹೊಳೆಯ ಸೇತುವೆ ದಾಟಿದರೆ ಆಚೆ ದಡದ ಬಯಲು. ಮೊದಲ ಸಾಲು ಸೇತುವೆಗೆ ಕಾಲಿಡುವಷ್ಟರಲ್ಲಿ ನಿರ್ದೇಶಕರು ಏದುಸಿರು ಬಿಡುತ್ತಾ ಇಳಿದು ಬರುವುದು ಕಾಣಿಸಿತು. ಇವರೊಂದು ಮಾತು ಅಂದರೆ ಸಾಕು, ಮೇಷ್ಟ್ರು ಎಲ್ಲರನ್ನೂ ಮತ್ತೆ ಒಳಗೆ ಕೂರಿಸಿಬಿಡುತ್ತಾರೆ. ಅವಳು ದಾರಿಗಡ್ಡ ನಿಂತಳು.

"ವಾಪಸ್ ಕಳಿಸಲ್ಲ ಸಾರ್. ಏನು ಬೇಕಾದ್ರೂ ಮಾಡ್ಕೊಳ್ಳಿ."

ನಿರ್ದೇಶಕರು ಅವಳ ಮುಖ ನೋಡಲಿಲ್ಲ. ಅವರ ಕಣ್ಣು ಸಾಲಿನ ಮೇಲೆ ಓಡಾಡುತ್ತಿತ್ತು.

"ಮೂರನೇ ಕ್ಲಾಸ್ ಯಾವುದು?"

ಅವಳು ಬೆರಳು ತೋರಿಸಿದಳು.

ನಿರ್ದೇಶಕರು ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳನ್ನು ಬಾಚಿ ಎತ್ತಿಕೊಂಡರು. "ಬಿಡು ತಾತ, ನಾನೇ ನಡೀತೀನಿ," ಎಂದು ಅದು ಕೊಸರಾಡಿತು. ಅವರು ಬಿಡಲಿಲ್ಲ. ಉಳಿದ ಮಕ್ಕಳನ್ನು ಮೊಣಕೈಯಿಂದ ಬದಿಗೆ ಸರಿಸುತ್ತಾ, ಬೆಟ್ಟದ ಕಡೆ ಒಂದು ಸಲವೂ ತಿರುಗದೆ, ಎಲ್ಲರಿಗಿಂತ ಮುಂದಾಗಿ ಸೇತುವೆಯ ಮೇಲೆ ಓಡಿದರು.